ರದ್ದಿಯವನು ಒಪ್ಪದ ಕಾಗದ

ಕಳೆದ ವಾರ್ಷಿಕೋತ್ಸವದ ಊಟ ನಿಮಗೆಲ್ಲ ನೆನಪಿರಬಹುದು. ಬಿಸಿಬೇಳೆಬಾತ್, ಮೊಸರನ್ನ, ಜಿಲೇಬಿ, ಕೊನೆಯಲ್ಲಿ ಚಹಾ. ಊಟ ಮುಗಿದ ಮೇಲೆ ಸ್ವಚ್ಛತೆಯ ಜವಾಬ್ದಾರಿ ನನ್ನ ತರಗತಿಯ ಪಾಲಿಗೆ ಬಂದಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಪ್ಲಾಸ್ಟಿಕ್ ಚಮಚ ಕಸದ ಡಬ್ಬಿಗೆ, ಕಾಗದವೆಲ್ಲ ರೀಸೈಕಲ್ ಡಬ್ಬಿಗೆ" ಎಂದು ಎರಡು ಸಲ ಹೇಳಿದೆ. ತಟ್ಟೆ, ಲೋಟ, ಕೈ ಒರೆಸುವ ಕಾಗದ, ಮಿಠಾಯಿ ಡಬ್ಬಿ ಎಂದು ಹೆಸರು ಹೇಳಿಸುತ್ತಾ ಒಂದು ಪದಪಾಠವನ್ನೂ ಮಾಡಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಸಭಾಂಗಣ ಲಕಲಕ ಎನ್ನುತ್ತಿತ್ತು. ಮಕ್ಕಳಿಗೂ ಖುಷಿ, ನನಗೂ ಹೆಮ್ಮೆ.

ಮುಂದಿನ ವಾರ ತರಗತಿಗೆ ಬಂದಾಗ ಕಟ್ಟಡ ನೋಡಿಕೊಳ್ಳುವವರು ನನ್ನನ್ನು ಹಿಂದಿನ ಬಾಗಿಲ ಬಳಿಗೆ ಕರೆದುಕೊಂಡು ಹೋಗಿ ದೊಡ್ಡ ಡಬ್ಬಿಯ ಮುಚ್ಚಳ ತೆರೆದು ತೋರಿಸಿದರು. ಒಳಗೆ ತಟ್ಟೆಗಳಿಗೆ ಅಂಟಿದ ಅನ್ನ, ಲೋಟಗಳಿಂದ ಚೆಲ್ಲಿದ ಚಹಾ, ಅದರಡಿಯಲ್ಲಿ ಬೇರೆಯವರು ಮೊದಲೇ ಹಾಕಿದ್ದ ಒಳ್ಳೆಯ ರಟ್ಟು ಮತ್ತು ಬರೆಯುವ ಕಾಗದ ಎಲ್ಲವೂ ನೆನೆದು ಮುದ್ದೆಯಾಗಿ ಹುಳಿ ವಾಸನೆ ಬರುತ್ತಿತ್ತು. ಅವರು ಬೈಯಲಿಲ್ಲ. "ಇದಷ್ಟೂ ಈಗ ಕಸಕ್ಕೇ ಹೋಗಬೇಕು, ನಿಮ್ಮ ತಟ್ಟೆ ಮಾತ್ರ ಅಲ್ಲ, ಕೆಳಗಿರುವುದೂ" ಎಂದಷ್ಟೇ ಹೇಳಿದರು. ನನ್ನ ಜೊತೆ ಬಂದಿದ್ದ ಇಬ್ಬರು ಮಕ್ಕಳು ನನ್ನ ಮುಖ ನೋಡಿದರು. ಬಿಎಡ್‌ನಲ್ಲಿ ಪರಿಸರ ಶಿಕ್ಷಣ ಓದಿದವಳು ನಾನು. ಆ ಹೊತ್ತಿನಲ್ಲಿ ಒಂದು ಉತ್ತರವೂ ತೋಚಲಿಲ್ಲ.

ಮನೆಗೆ ಹೋಗಿ ಯೋಚಿಸಿದಾಗ ನೆನಪಾದದ್ದು ದಾವಣಗೆರೆಯ ನಮ್ಮ ಬೀದಿಗೆ ಬರುತ್ತಿದ್ದ ರದ್ದಿಯವನು. ಸೈಕಲ್ಲಿಗೆ ಗೋಣಿಚೀಲ, ಕೈಯಲ್ಲಿ ತಕ್ಕಡಿ. ಅಮ್ಮ ತಿಂಗಳಿನ ಪತ್ರಿಕೆಗಳನ್ನು, ಹಳೆಯ ನೋಟ್‌ಬುಕ್ಕುಗಳನ್ನು ತಂದಿಟ್ಟರೆ ಅವನು ಒಂದೊಂದಾಗಿ ಮಗುಚಿ ನೋಡುತ್ತಿದ್ದ. ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ ಎಣ್ಣೆ ಪತ್ರಿಕೆ ಇದ್ದರೆ ಎಳೆದು ಪಕ್ಕಕ್ಕೆ ಎಸೆಯುತ್ತಿದ್ದ. ನೆನೆದ ಪುಸ್ತಕ ಬೇಡ. ಪ್ಲಾಸ್ಟಿಕ್ ಹಾಳೆ ಮೆತ್ತಿದ ಮದುವೆ ಕರೆಯೋಲೆ ಬೇಡ. ಅಮ್ಮ "ಅದೂ ಕಾಗದ ತಾನೇ ಕಣಪ್ಪಾ" ಎಂದು ಚೌಕಾಸಿ ಮಾಡಿದರೆ, "ಅದು ನಡಿಯಲ್ಲ ಅಮ್ಮಾ, ಅಂಗಡಿಯವ್ರು ತೂಕಕ್ಕೆ ಹಾಕ್ಕಳಲ್ಲ" ಎನ್ನುತ್ತಿದ್ದ. ಅವನಿಗೆ ಶಾಲೆಯ ವಿದ್ಯೆ ಎಷ್ಟಿತ್ತೋ ಗೊತ್ತಿಲ್ಲ. ಆದರೆ ನೋಡಲು ಕಾಗದದಂತಿರುವುದೆಲ್ಲ ಕಾಗದವಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅವನು ಅದಕ್ಕೆ ದುಡ್ಡು ಕೊಡುತ್ತಿದ್ದ.

ಇಲ್ಲಿ ನಮ್ಮ ಬಾಗಿಲಿಗೆ ಬರುವುದು ಲಾರಿ. ಅದರ ಉಕ್ಕಿನ ತೋಳು ಡಬ್ಬಿಯನ್ನು ಎತ್ತಿ ಸುರಿದುಕೊಂಡು ಹೋಗುತ್ತದೆ. ಮಗುಚಿ ನೋಡುವವರಿಲ್ಲ, ಪಕ್ಕಕ್ಕೆ ಎಸೆಯುವವರಿಲ್ಲ, ಚೌಕಾಸಿ ಇಲ್ಲ. ಹಾಗಾಗಿ ರದ್ದಿಯವನ ಕೆಲಸ ಈ ದೇಶದಲ್ಲಿ ನಮ್ಮ ನಮ್ಮ ತಲೆಯ ಮೇಲೆಯೇ ಬಿದ್ದಿದೆ. ನಾವು ಅದನ್ನು ಮಾಡುತ್ತಿಲ್ಲ ಎಂಬುದೇ ನನ್ನ ದೂರು. ಆ ದೂರಿನಲ್ಲಿ ಮೊದಲ ಹೆಸರು ನನ್ನದೇ.

ಕಾಗದ ಮತ್ತೆ ಕಾಗದವಾಗುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಕಾರ್ಖಾನೆಯಲ್ಲಿ ಹಳೆಯ ಕಾಗದವನ್ನು ದೊಡ್ಡ ತೊಟ್ಟಿಗೆ ಹಾಕಿ ನೀರು ಬೆರೆಸಿ ಕಡೆಯುತ್ತಾರೆ, ನಮ್ಮ ಅಜ್ಜಿಯರು ಮಜ್ಜಿಗೆ ಕಡೆದ ಹಾಗೆ. ಕಾಗದ ಕರಗಿ ಸಣ್ಣ ಸಣ್ಣ ನಾರಾಗುತ್ತದೆ. ಆ ನಾರನ್ನು ಜಾಲರಿಯಲ್ಲಿ ಸೋಸಿ, ಹರಡಿ, ಒತ್ತಿ, ಒಣಗಿಸಿದರೆ ಹೊಸ ಹಾಳೆ. ಪಿನ್ನು, ಟೇಪಿನ ಚೂರು ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಆದರೆ ಎಣ್ಣೆ ಜಾಲರಿಗೆ ಸಿಗುವುದಿಲ್ಲ. ಅದು ನಾರಿಗೆ ಅಂಟಿಕೊಂಡು, ನಾರು ನಾರು ಒಂದಕ್ಕೊಂದು ಹಿಡಿದುಕೊಳ್ಳದಂತೆ ಮಾಡುತ್ತದೆ. ಅನ್ನ, ಸಾಂಬಾರು ಕಾರ್ಖಾನೆ ತಲುಪುವ ಮೊದಲೇ ಕೊಳೆತು ಬೂಸಲು ಹಿಡಿಸುತ್ತವೆ. ಇನ್ನು, ಪ್ರತಿ ಸಲ ಕಡೆದಾಗಲೂ ನಾರು ಚಿಕ್ಕದಾಗುತ್ತಾ ಹೋಗುತ್ತದೆ. ಒಂದು ನಾರು ಹೆಚ್ಚೆಂದರೆ 5ರಿಂದ 7 ಸಲ ಹೀಗೆ ಮರುಹುಟ್ಟು ಪಡೆಯಬಹುದು ಎನ್ನುತ್ತಾರೆ. ಕೈ ಒರೆಸುವ ಕಾಗದ, ಟಿಶ್ಯೂಗಳ ನಾರು ಮೊದಲೇ ತೀರ ಗಿಡ್ಡ. ಆದ್ದರಿಂದ ಅದು ಎಷ್ಟೇ ಬೆಳ್ಳಗೆ ಶುಭ್ರವಾಗಿ ಕಂಡರೂ ರೀಸೈಕಲ್ ಡಬ್ಬಿಗೆ ಅಲ್ಲ.

ಈಗ ನಮ್ಮ ಅಡುಗೆಮನೆಗೇ ಬರೋಣ. ಬೆಳಗಿನ ಸೀರಿಯಲ್ ಡಬ್ಬಿ ಒಳ್ಳೆಯ ಕಾಗದ, ಒಳಗಿನ ಪ್ಲಾಸ್ಟಿಕ್ ಚೀಲ ತೆಗೆದರೆ ಸಾಕು. ಕಾಗದದ ತಿರುಳಿನಿಂದ ಮಾಡಿದ ಮೊಟ್ಟೆಯ ತಟ್ಟೆ ಈಗಾಗಲೇ ಒಂದೆರಡು ಜನ್ಮ ಕಂಡ ಕಾಗದ, ಒಡೆದ ಮೊಟ್ಟೆ ಮೆತ್ತಿರದಿದ್ದರೆ ಅದೂ ಸರಿ. ಬೇಳೆ, ಪಾಸ್ತಾ, ಬಿಸ್ಕತ್ತಿನ ಹೊರಡಬ್ಬಿಗಳೂ ಸರಿ. ಇಲ್ಲಿಯವರೆಗೆ ಎಲ್ಲವೂ ಸುಲಭ.

ತೊಂದರೆ ಶುರುವಾಗುವುದು ಫ್ರೀಜರ್ ಬಾಗಿಲು ತೆಗೆದಾಗ. ನಮ್ಮ ಮನೆಗಳಲ್ಲಿ ಫ್ರೋಜನ್ ಪರೋಟ, ಸಮೋಸ, ಬಟಾಣಿಯ ಡಬ್ಬಿ ಇಲ್ಲದ ಫ್ರೀಜರ್ ಎಲ್ಲಿದೆ? ಆ ಡಬ್ಬಿ ಸೀರಿಯಲ್ ಡಬ್ಬಿಯ ಅಣ್ಣತಮ್ಮನಂತೆಯೇ ಕಾಣುತ್ತದೆ. ಆದರೆ ಮಂಜಿನ ತೇವದಲ್ಲಿ ಮೆತ್ತಗಾಗದಿರಲಿ ಎಂದು ಅಂಥ ಎಷ್ಟೋ ಡಬ್ಬಿಗಳ ನಾರಿಗೇ ಒಂದು ಬಗೆಯ ರಾಳ ಬೆರೆಸಿರುತ್ತಾರೆ, ಇಲ್ಲವೇ ಮೇಲೆ ಪ್ಲಾಸ್ಟಿಕ್ ಪೊರೆ ಬಳಿದಿರುತ್ತಾರೆ. ನೀರಿನಲ್ಲಿ ಕರಗಬಾರದು ಎಂದೇ ಮಾಡಿದ್ದು ಕಾರ್ಖಾನೆಯ ತೊಟ್ಟಿಯಲ್ಲಿ ಹೇಗೆ ಕರಗೀತು?

ಕಾಗದದ ಲೋಟವೂ ಹಾಗೆಯೇ. ಚಹಾ ಸೋರದೆ ನಿಲ್ಲುವುದು ಒಳಗಿನ ತೆಳು ಪ್ಲಾಸ್ಟಿಕ್ ಪೊರೆಯಿಂದ. ತೂಕದಲ್ಲಿ ಅದು ನೂರಕ್ಕೆ 5 ಪಾಲಿನ ಆಸುಪಾಸು ಮಾತ್ರ, ಆದರೆ ಅದನ್ನು ನಾರಿನಿಂದ ಬಿಡಿಸಲು ಬೇರೆ ಯಂತ್ರಸಾಮಗ್ರಿ ಬೇಕು. ಅದು ಇರುವ ಕಾರ್ಖಾನೆಗಳಿಗೆ ಕಾಗದ ಕಳಿಸುವ ಊರು ಲೋಟ ತೆಗೆದುಕೊಳ್ಳುತ್ತದೆ, ಉಳಿದವು ತೆಗೆದುಕೊಳ್ಳುವುದಿಲ್ಲ. ಸಿಯಾಟಲ್ ನಗರ ಖಾಲಿ ಮಾಡಿ ತೊಳೆದ ಕಾಗದದ ಲೋಟಗಳನ್ನು ತೆಗೆದುಕೊಳ್ಳುವ ಊರುಗಳಲ್ಲಿ ಒಂದು. ಖಾಲಿ ಮಾಡಿ, ತೊಳೆದು ಎಂಬ ಎರಡು ಮಾತುಗಳನ್ನು ದಯವಿಟ್ಟು ಗಮನಿಸಿ. ಅರ್ಧ ಕುಡಿದ ಲೋಟ ಯಾವ ಊರಿಗೂ ಬೇಡ.

ಹಣ್ಣಿನ ರಸದ ಪುಟ್ಟ ಡಬ್ಬಿ, ಮಕ್ಕಳು ಟೆಟ್ರಾ ಪ್ಯಾಕ್ ಎನ್ನುವುದು, ಮೂರು ವಸ್ತುಗಳ ಸಂಸಾರ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಕಾಗದ, ಉಳಿದದ್ದು ಪ್ಲಾಸ್ಟಿಕ್ ಮತ್ತು ತೆಳ್ಳಗಿನ ಅಲ್ಯೂಮಿನಿಯಂ. ನೋಡಿದರೆ ಇದೇ ಎಲ್ಲಕ್ಕಿಂತ ಕಷ್ಟದ್ದು ಅನ್ನಿಸಬೇಕು. ಆದರೆ ಇದನ್ನು ಪ್ರತ್ಯೇಕವಾಗಿ ಬಿಡಿಸುವ ಕಾರ್ಖಾನೆಗಳು ಇರುವುದರಿಂದ ನಮ್ಮ ಸೀಮೆಯಲ್ಲಿ ಹಾಲಿನ ಮತ್ತು ರಸದ ಡಬ್ಬಿಗಳನ್ನು ರೀಸೈಕಲ್‌ಗೆ ತೆಗೆದುಕೊಳ್ಳುತ್ತಾರೆ. ಸ್ಟ್ರಾ ತೆಗೆದು, ಒಳಗಿನದನ್ನು ಬಸಿದು ಹಾಕಬೇಕು. ನೋಡಿ, ಬರೀ ಊಹೆಯಿಂದ ಹೊರಟರೆ ಪರೋಟ ಡಬ್ಬಿಯನ್ನು ಹಾಕಿ ರಸದ ಡಬ್ಬಿಯನ್ನು ಬಿಟ್ಟುಬಿಡುತ್ತಿದ್ದೆವು. ಎರಡೂ ತಪ್ಪಾಗುತ್ತಿತ್ತು.

ಪಿಜ್ಜಾ ಡಬ್ಬಿಯದು ದೊಡ್ಡ ಕಥೆ. ಎಣ್ಣೆ ಕಲೆ ಇದ್ದರೆ ಬೇಡವೇ ಬೇಡ ಎಂದು ಬಹಳ ವರ್ಷ ಹೇಳುತ್ತಿದ್ದರು. 2020ರಲ್ಲಿ ಅಮೆರಿಕದ ಒಂದು ದೊಡ್ಡ ರಟ್ಟಿನ ಕಂಪನಿ ವೆಸ್ಟ್‌ರಾಕ್ ಪರೀಕ್ಷೆ ಮಾಡಿ, ಸಾಮಾನ್ಯವಾಗಿ ಡಬ್ಬಿಗೆ ಹಿಡಿಯುವಷ್ಟು ಎಣ್ಣೆ ಹೊಸ ರಟ್ಟಿನ ಬಲವನ್ನು ಹೇಳಿಕೊಳ್ಳುವಷ್ಟು ಕೆಡಿಸುವುದಿಲ್ಲ ಎಂದಿತು. ಆದರೆ ಅದು ಹೇಳಿದ್ದು ಖಾಲಿ ಡಬ್ಬಿಯ ಮಾತು. ಅರ್ಧ ತುಂಡು ಪಿಜ್ಜಾ, ಸಾಸಿನ ಬಟ್ಟಲು, ಟಿಶ್ಯೂ ಎಲ್ಲ ಒಳಗಿಟ್ಟು ಮುಚ್ಚಿದ ಡಬ್ಬಿಯದ್ದಲ್ಲ. ನಾನು ಮಾಡುವುದು ಇಷ್ಟು: ಮೇಲಿನ ಮುಚ್ಚಳ ಸಾಮಾನ್ಯವಾಗಿ ಶುಭ್ರವಾಗಿರುತ್ತದೆ, ಅದನ್ನು ಹರಿದು ರೀಸೈಕಲ್‌ಗೆ ಹಾಕುತ್ತೇನೆ. ಎಣ್ಣೆ ತೊಯ್ದ ತಳಭಾಗವನ್ನು ಊರಿನ ಪಟ್ಟಿ ಒಪ್ಪಿದರೆ ಗೊಬ್ಬರದ ಡಬ್ಬಿಗೆ, ಇಲ್ಲದಿದ್ದರೆ ಕಸಕ್ಕೆ.

ಬಟರ್ ಪೇಪರ್, ಮೇಣದ ಕಾಗದಗಳ ಬಗ್ಗೆ ಚರ್ಚೆಯೇ ಬೇಡ, ಅವು ರೀಸೈಕಲ್ ಆಗುವುದಿಲ್ಲ. ನಮ್ಮ ಮಿಠಾಯಿ ಡಬ್ಬಿಯೊಳಗೆ ಬರ್ಫಿಯ ಕೆಳಗೆ ಹಾಸಿರುತ್ತಾರಲ್ಲ, ಅದೇ. ಡಬ್ಬಿಯಾದರೂ ಸರಿಯೇ ಎಂದರೆ, ಕೆಲವಕ್ಕೆ ಒಳಗೆಲ್ಲ ಬೆಳ್ಳಿ ಬಣ್ಣದ ಹೊಳೆಯುವ ಪೊರೆ ಇರುತ್ತದೆ. ದೀಪಾವಳಿಯಲ್ಲಿ ಒಂದೊಂದು ಮನೆಗೆ ಎಷ್ಟು ಡಬ್ಬಿ ಬರುತ್ತವೆ ಎಂದು ನಾನು ಹೇಳಬೇಕಾಗಿಲ್ಲ.

ಎಣ್ಣೆ ಸೋರದ ಕಾಗದ ಎಂಬುದೇ ಒಂದು ವಿಚಿತ್ರ. ಕಾಗದ ಸ್ವಭಾವತಃ ಎಣ್ಣೆ ಹೀರುವ ವಸ್ತು. ಅದು ಹೀರದಂತೆ ಮಾಡಲು ಪಿಎಫ್‌ಎಎಸ್ ಎಂಬ ರಾಸಾಯನಿಕಗಳನ್ನು ಬಹಳ ಕಾಲ ಬಳಸಿದರು. ಅವು ಮಣ್ಣಿನಲ್ಲೂ ನೀರಿನಲ್ಲೂ ಮೈಯಲ್ಲೂ ಬೇಗ ಕರಗದೆ ಉಳಿಯುವಂಥವು. ನಮ್ಮ ವಾಷಿಂಗ್ಟನ್ ರಾಜ್ಯ 2018ರಲ್ಲೇ ಇದರ ವಿರುದ್ಧ ಕಾನೂನು ಮಾಡಿತು. 2023ರ ಫೆಬ್ರವರಿಯಿಂದ ಸುತ್ತುವ ಕಾಗದ, ತಟ್ಟೆ, ಪಿಜ್ಜಾ ಡಬ್ಬಿಗಳಲ್ಲಿ, 2024ರ ಮೇ ತಿಂಗಳಿಂದ ಬಟ್ಟಲು, ಚೀಲ, ಮುಚ್ಚಳದ ಡಬ್ಬಿಗಳಲ್ಲಿ ಬೇಕೆಂದು ಬೆರೆಸುವುದಕ್ಕೆ ನಿಷೇಧ ಬಂತು. ಒಳ್ಳೆಯದೇ ಆಯಿತು. ಆದರೆ ಈ ಕಾನೂನಿನಿಂದ ಎಣ್ಣೆ ಹಿಡಿದ ತಟ್ಟೆ ರೀಸೈಕಲ್‌ಗೆ ಯೋಗ್ಯವಾಯಿತು ಎಂದು ಯಾರೂ ತಿಳಿಯಬಾರದು.

ಮಕ್ಕಳೇ, ನಿಮಗೆ ಒಂದು ಪ್ರಯೋಗ ಹೇಳುತ್ತೇನೆ. ಮನೆಯಲ್ಲಿ ಮಾಡಿ ನೋಡಿ. ಸೀರಿಯಲ್ ಡಬ್ಬಿಯ ಒಂದು ತುಂಡು, ಫ್ರೋಜನ್ ಪರೋಟ ಡಬ್ಬಿಯ ಒಂದು ತುಂಡು, ಕಾಗದದ ಲೋಟದ ಒಂದು ತುಂಡು ಕತ್ತರಿಸಿ ಮೂರು ಬಟ್ಟಲು ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಚಮಚದಿಂದ ಜೋರಾಗಿ ಕಲಕಿ. ಯಾವುದು ಗಂಜಿಯಾಗುತ್ತದೆ, ಯಾವುದು ಹಟ ಮಾಡಿ ಹಾಗೆಯೇ ಕೂರುತ್ತದೆ, ಯಾವುದರಿಂದ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಸುಲಿದು ಬರುತ್ತದೆ ಎಂದು ಬರೆದುಕೊಳ್ಳಿ. ಕಾರ್ಖಾನೆಯವರಿಗೆ ಬೇಕಾದದ್ದು ಗಂಜಿಯಾಗುವ ಕಾಗದ. ಆತುರದಲ್ಲಿದ್ದರೆ ಹರಿದು ನೋಡಿ. ಹರಿದ ಅಂಚಿನಲ್ಲಿ ಬರೀ ನಾರು ಕಂಡರೆ ಒಂದು ಲೆಕ್ಕ, ಪೊರೆ ಎಳೆದಂತೆ ಉದ್ದವಾದರೆ ಇನ್ನೊಂದು ಲೆಕ್ಕ.

ಈ ವಿಷಯ ಎತ್ತಿದಾಗ ಪೋಷಕರಿಂದ ಎರಡು ಮಾತು ಕೇಳಿದ್ದೇನೆ. ಮೊದಲನೆಯದು: "ಅನುಮಾನ ಇದ್ದರೂ ಹಾಕಿಬಿಡಿ ಟೀಚರ್, ಅಲ್ಲಿ ಅವರು ವಿಂಗಡಿಸಿಕೊಳ್ಳುತ್ತಾರೆ." ಅವರು ಎಂದರೆ ಯಾರು? ಓಡುವ ಬೆಲ್ಟಿನ ಪಕ್ಕದಲ್ಲಿ ಕೈಗವಸು ಹಾಕಿಕೊಂಡು ನಿಂತ ಮನುಷ್ಯರು. ಯಂತ್ರಗಳಿದ್ದರೂ ಇಂದಿಗೂ ಅಲ್ಲಿ ಕೈಯಿಂದ ಹೆಕ್ಕುವವರಿದ್ದಾರೆ. ನಾವು ಎಸೆದ ಮೊಸರನ್ನದ ತಟ್ಟೆಯನ್ನು ನಾಲ್ಕು ದಿನದ ಮೇಲೆ ಅವರು ಎತ್ತಬೇಕು. ಅಷ್ಟರಲ್ಲಿ ಅದು ಸುತ್ತಲಿನ ಹತ್ತು ಹಾಳೆಗಳನ್ನು ಕೆಡಿಸಿರುತ್ತದೆ, ಏಕೆಂದರೆ ಇಲ್ಲಿ ಕಾಗದ, ಗಾಜು, ತಗಡು ಎಲ್ಲ ಒಂದೇ ಡಬ್ಬಿಯಲ್ಲಿ ಹೋಗುತ್ತವೆ. ಒಳ್ಳೆಯ ಮನಸ್ಸಿನಿಂದ ತಪ್ಪು ಡಬ್ಬಿಗೆ ಹಾಕುವುದಕ್ಕಿಂತ ಕಸದ ಡಬ್ಬಿಗೆ ಹಾಕುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವರಿಗೆ ಇದು ಪರಿಸರ ವಿರೋಧಿ ಮಾತಿನಂತೆ ಕೇಳಿಸಬಹುದು.

ಎರಡನೆಯ ಮಾತು ಇದರ ತದ್ವಿರುದ್ಧ: "ಎಲ್ಲಾ ಕೊನೆಗೆ ಒಂದೇ ಗುಂಡಿಗೆ ಹೋಗುತ್ತೆ ಬಿಡಿ." ಇದರಲ್ಲಿ ಸ್ವಲ್ಪ ಇತಿಹಾಸವಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಊರುಗಳು ಬಹಳ ವರ್ಷ ತಮ್ಮ ಹಳೆಯ ಕಾಗದವನ್ನು ಹಡಗಿನಲ್ಲಿ ಚೀನಾಕ್ಕೆ ಕಳಿಸುತ್ತಿದ್ದವು. ಕೊಳಕು ಹೆಚ್ಚಾಯಿತೆಂದು ಚೀನಾ 2017ರಲ್ಲಿ ಎಚ್ಚರಿಸಿ, 2018ರಿಂದ ವಿಂಗಡಿಸದ ಕಾಗದವನ್ನು ಬೇಡವೆಂದಿತು. ತೆಗೆದುಕೊಳ್ಳುವ ಕಾಗದದಲ್ಲೂ ಕಲ್ಮಶ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚಿರಬಾರದೆಂದು ಪಟ್ಟು ಹಿಡಿಯಿತು. ಆ ವರ್ಷ ವಾಷಿಂಗ್ಟನ್, ಆರೆಗಾನ್‌ಗಳಲ್ಲಿ ಕೊಳ್ಳುವವರಿಲ್ಲದೆ ಉಳಿದ ಕಾಗದ ಕೆಲವೆಡೆ ಕಸದ ಗುಂಡಿಗೆ ಹೋದದ್ದು ನಿಜ. ಆದರೆ ಇದರಿಂದ ನಾವು ಕಲಿಯಬೇಕಾದದ್ದು ಏನು? ರೀಸೈಕಲ್ ಬರೀ ನಾಟಕ ಎಂದೇ? ಚೀನಾ ಮಾಡಿದ್ದು ನಮ್ಮ ಬೀದಿಯ ರದ್ದಿಯವನು ಮಾಡಿದ್ದನ್ನೇ. ಮಗುಚಿ ನೋಡಿತು, ಎಣ್ಣೆ ಕಾಗದವನ್ನು ಪಕ್ಕಕ್ಕೆಸೆಯಿತು.

ಗುಂಡಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಈಸ್ಟ್‌ಗೇಟ್‌ನ ನಮಗೆ ಅದು ದೂರದ ಸಂಗತಿಯಲ್ಲ. ನಮ್ಮ ಪಕ್ಕದಲ್ಲೇ, ಐ-90ರ ಬದಿಯ ಫ್ಯಾಕ್ಟೋರಿಯಾದಲ್ಲಿ ಕಿಂಗ್ ಕೌಂಟಿಯ ಕಸ ವರ್ಗಾವಣೆ ಕೇಂದ್ರವಿದೆ. ಅದರ ಹೊಸ ಕಟ್ಟಡ 2017ರಲ್ಲಿ ತೆರೆಯಿತು. ಅಲ್ಲಿ ಸುರಿದ ಕಸ ಮೇಪಲ್ ವ್ಯಾಲಿ ಕಡೆಯ ಸೀಡರ್ ಹಿಲ್ಸ್‌ಗೆ ಹೋಗುತ್ತದೆ. 1960ರ ದಶಕದಿಂದ ತುಂಬುತ್ತಾ ಬಂದಿರುವ ಆ ಒಂದೇ ಜಾಗ ಇಂದು ಕೌಂಟಿಯಲ್ಲಿ ಬಳಕೆಯಲ್ಲಿ ಉಳಿದಿರುವ ಕಸದ ಗುಡ್ಡ. ಪೋಷಕರು ಒಂದು ಶನಿವಾರ ಮಕ್ಕಳನ್ನು ಫ್ಯಾಕ್ಟೋರಿಯಾಕ್ಕೆ ಕರೆದುಕೊಂಡು ಹೋಗಿ ತೋರಿಸಿದರೆ ನನ್ನ ಈ ಲೇಖನ ಓದಿಸುವುದಕ್ಕಿಂತ ಚೆನ್ನ.

ಇನ್ನೊಂದು ತೊಡಕು, ನಮ್ಮ ಮಕ್ಕಳೆಲ್ಲ ಒಂದೇ ಊರಿನಿಂದ ಬರುವವರಲ್ಲ. ಬೆಲ್‌ವ್ಯೂ, ಇಸ್ಸಾಕ್ವಾ, ಸಮಾಮಿಶ್, ರೆಂಟನ್, ಸಿಯಾಟಲ್ ಎಂದು ಐದಾರು ಊರುಗಳಿವೆ. ಊರಿಂದ ಊರಿಗೆ ಪಟ್ಟಿ ಬೇರೆಯಾಗಬಹುದು, ವರ್ಷದಿಂದ ವರ್ಷಕ್ಕೂ ಬದಲಾಗಬಹುದು. ರಾಜ್ಯಕ್ಕೆಲ್ಲ ಒಂದೇ ಪಟ್ಟಿ ತರುವ ಉದ್ದೇಶದ ಕಾನೂನಿಗೆ 2025ರ ಮೇ ತಿಂಗಳಲ್ಲಿ ರಾಜ್ಯಪಾಲರು ಸಹಿ ಹಾಕಿದ್ದಾರೆ. ಡಬ್ಬಿ ಮಾಡಿ ಮಾರುವ ಕಂಪನಿಗಳೇ ಅದರ ಮರುಬಳಕೆಯ ಖರ್ಚು ಹೊರಬೇಕು ಎಂದೂ ಅದು ಹೇಳುತ್ತದೆ. ಅದು ಪೂರ್ತಿ ಜಾರಿಗೆ ಬರಲು ಇನ್ನೂ ಕೆಲವು ವರ್ಷ ಬೇಕು. ಅಲ್ಲಿಯವರೆಗೆ ನಿಮ್ಮ ಊರಿನ ಪಟ್ಟಿಯನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಡಬ್ಬಿಯ ಮೇಲಿನ ಮೂರು ಬಾಣದ ಗುರುತನ್ನು ಮಾತ್ರ ನಂಬಬೇಡಿ, ಅದನ್ನು ಅಚ್ಚು ಹಾಕಿಸಿದ್ದು ಡಬ್ಬಿ ಮಾಡಿದವರು, ತೆಗೆದುಕೊಳ್ಳುವವರಲ್ಲ.

ಕನ್ನಡ ಟೀಚರ್ ಆಗಿ ಒಂದು ಮಾತು ಸೇರಿಸದಿದ್ದರೆ ಸಮಾಧಾನವಿಲ್ಲ. ರೀಸೈಕಲ್‌ಗೆ ನಾವು ಮರುಬಳಕೆ ಎನ್ನುತ್ತೇವೆ. ಇನ್ನೊಂದು ಸಲ ಬಳಸುವುದಕ್ಕೂ ಅದೇ ಪದ. ಪಠ್ಯಪುಸ್ತಕದವರು ಪುನಶ್ಚಕ್ರೀಕರಣ ಎಂದು ಬೇರೆ ಮಾಡಿದ್ದಾರೆ, ಆದರೆ ಅದು ನಾಲಿಗೆಗೆ ಹತ್ತುವುದಿಲ್ಲ. ನನಗಂತೂ ಈ ಗೊಂದಲ ಇಷ್ಟ. ನಮ್ಮ ಅಮ್ಮಂದಿರ ಮರುಬಳಕೆಯಲ್ಲಿ ತೊಳೆದು ಇಡುವುದು ಮೊದಲು, ರದ್ದಿಗೆ ಹಾಕುವುದು ಆಮೇಲೆ. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ ಇಟ್ಟವರು ನಾವು.

ಹಾಗಾಗಿ ಈ ವರ್ಷದ ಊಟಕ್ಕೆ ನನ್ನ ಸಲಹೆ ಕಾಗದದ ತಟ್ಟೆಯೇ ಬೇಡ ಎಂಬುದು. ಪ್ರತಿ ಮನೆಯಿಂದ ತಮ್ಮ ತಮ್ಮ ಸ್ಟೀಲ್ ತಟ್ಟೆ, ಲೋಟ ಚೀಲದಲ್ಲಿ ಹಾಕಿಕೊಂಡು ಬರಲಿ, ತಿಂದದ್ದನ್ನು ಒರೆಸಿ ಮನೆಗೇ ಒಯ್ಯಲಿ. ಅಡಕೆ ಹಾಳೆಯ ತಟ್ಟೆ ತರಿಸೋಣ ಎಂದು ಕಳೆದ ಸಭೆಯಲ್ಲಿ ಕೆಲವರು ಹೇಳಿದರು. ಮಲೆನಾಡಿನ ತಟ್ಟೆ ಎಂದರೆ ನನಗೂ ಅಭಿಮಾನವೇ. ಆದರೆ ಅಡಕೆ ಹಾಳೆಯ ತಟ್ಟೆಯಲ್ಲಿ ಆಹಾರ ಬಡಿಸಬಾರದೆಂದು ಅಮೆರಿಕದ ಎಫ್‌ಡಿಎ 2025ರ ಮೇ ತಿಂಗಳಲ್ಲಿ ತಿಳಿಸಿದೆ. ಊರಿನ ಬೆಳೆಗಾರರಿಗೆ ಇದರಿಂದ ಬೇಸರವಾಗಿದೆ ನಿಜ, ಆದರೂ ಶಾಲೆಯ ಊಟದಲ್ಲಿ ನಾವು ಅದನ್ನು ಮೀರಲಾಗದು. ಇನ್ನು ಬಿಸಿ ಚಹಾವನ್ನು ಕಾಗದದ ಲೋಟದಲ್ಲಿ 15 ನಿಮಿಷ ಬಿಟ್ಟರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಐಐಟಿ ಖರಗ್‌ಪುರದವರು 2020ರಲ್ಲಿ ಕಂಡುಕೊಂಡರು. ಹರಟೆ ಹೊಡೆಯುತ್ತಾ ನಮ್ಮ ಚಹಾ ಮುಗಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಸ್ಟೀಲ್ ತಟ್ಟೆ ಎಂದ ಕೂಡಲೇ ಒಬ್ಬ ತಾಯಿ ಎದ್ದು ನಿಂತು, "ತೊಳೆಯೋರು ಯಾರು ಟೀಚರ್? ಕೊನೆಗೆ ನಾವೇ ಅಲ್ವಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕಾಗದದ ತಟ್ಟೆ ನಮ್ಮ ಸಮಾರಂಭಗಳಿಗೆ ಬಂದದ್ದೇ ಹೆಂಗಸರಿಗೆ ಒಂದು ದಿನವಾದರೂ ಪಾತ್ರೆ ತಪ್ಪಲಿ ಎಂದು. ಅವರವರ ತಟ್ಟೆ ಅವರವರೇ ತೊಳೆಯುವುದು, ಅಪ್ಪಂದಿರೂ ಸೇರಿ, ಎಂದು ಸಭೆಯಲ್ಲಿ ಬರೆದುಕೊಂಡಿದ್ದೇವೆ. ಎಷ್ಟು ನಡೆಯುತ್ತದೋ ನೋಡಬೇಕು.

ತಟ್ಟೆ ಮರೆತು ಬರುವವರು, ಅತಿಥಿಗಳು ಇದ್ದೇ ಇರುತ್ತಾರೆ. ಅವರಿಗಾಗಿ ಸ್ವಲ್ಪ ಕಾಗದದ ತಟ್ಟೆ ಇಟ್ಟೇ ಇಡುತ್ತೇವೆ. ಡಬ್ಬಿಗಳ ಪಕ್ಕದಲ್ಲಿ ನಾಲ್ಕನೇ ತರಗತಿಯ ಇಬ್ಬರು ಮಕ್ಕಳು ರದ್ದಿಯವರಾಗಿ ನಿಲ್ಲುತ್ತಾರೆ. ಯಾರು ಏನು ತಂದರೂ ಮೊದಲು ಅವರ ಕೈಗೆ ಕೊಡಬೇಕು. ಅವರು ಮಗುಚಿ ನೋಡಿ "ನಡಿಯುತ್ತೆ" ಅಥವಾ "ನಡಿಯಲ್ಲ" ಎಂದು ಕನ್ನಡದಲ್ಲೇ ಹೇಳಬೇಕು. ತೆಲುಗು, ತಮಿಳು, ಹಿಂದಿ ತರಗತಿಯವರು ಅವರವರ ಭಾಷೆಯ ಮಾತು ಬರೆದುಕೊಡುವುದಾಗಿ ಒಪ್ಪಿದ್ದಾರೆ. ಪಟ್ಟಿಯನ್ನು ಮಕ್ಕಳೇ ದೊಡ್ಡ ಅಕ್ಷರದಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿದ್ದಾರೆ. ಮಿಠಾಯಿ ಡಬ್ಬಿಯ ಮುಂದೆ ಮಾತ್ರ ಇನ್ನೂ ಪ್ರಶ್ನಾರ್ಥಕ ಚಿಹ್ನೆ ಇದೆ. ಎರಡು ಬೇರೆ ಬೇರೆ ಅಂಗಡಿಯ ಡಬ್ಬಿಗಳನ್ನು ನೆನೆಹಾಕಿದರು, ಒಂದು ಗಂಜಿಯಾಯಿತು, ಇನ್ನೊಂದು ಆಗಲಿಲ್ಲ.